ಗಾಳಿಗೆ ತಕ್ಕ ಇಂಧನ

ಒಲೆಯ ಮುಂದೆ ಕುಳಿತು ಊದುಕೊಳವೆಯನ್ನು ಹಿಡಿದ ಯಾರಿಗಾದರೂ ಗೊತ್ತಿರುವ ಸಂಗತಿ ಒಂದುಂಟು. ಗಾಳಿಯನ್ನು ಹೆಚ್ಚಿಸಿದರೆ ಉರಿ ಹೆಚ್ಚುತ್ತದೆ. ಆದರೆ ಸೌದೆಯಿಲ್ಲದೆ ಎಷ್ಟು ಊದಿದರೂ ಪ್ರಯೋಜನವಿಲ್ಲ. ಮೋಟಾರು ಗಾಡಿಯ ಎಂಜಿನಿಗೂ ಇದೇ ನ್ಯಾಯ ಸಲ್ಲುತ್ತದೆ. ಭೇದವಿಷ್ಟೆ: ಸೌದೆ ಸಾಲದ ಒಲೆ ಸುಮ್ಮನೆ ಆರಿಹೋಗುತ್ತದೆ, ಪೆಟ್ರೋಲು ಸಾಲದ ಎಂಜಿನಾದರೋ ಆರುವುದಕ್ಕೆ ಮುಂಚೆ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಸೂಪರ್‌ಚಾರ್ಜರು ಎಂಬ ಗಾಳಿಯೂದುವ ಯಂತ್ರವನ್ನು ಎಂಜಿನಿಗೆ ಜೋಡಿಸಿದಾಗ, ಆ ಹೆಚ್ಚಿನ ಗಾಳಿಗೆ ತಕ್ಕ ಇಂಧನವನ್ನು ಮಿತವಾದ ಖರ್ಚಿನಲ್ಲಿ ಒದಗಿಸುವ ಬಗೆ ಹೇಗೆ, ಆ ಮಿತವ್ಯಯಕ್ಕೆ ಎಲ್ಲೆ ಎಲ್ಲಿ ಎಂಬುದೇ ಈ ಉಪನ್ಯಾಸದ ವಿಷಯ.

ಬೆಂಗಳೂರಿನ ನಿವಾಸಿಗಳಿಗೆ ಈ ವಿಷಯದಲ್ಲಿ ವಿಶೇಷವಾದ ಆಸಕ್ತಿಯಿರಲು ಕಾರಣವುಂಟು. ನಮ್ಮ ನಗರ ಸಮುದ್ರಮಟ್ಟಕ್ಕಿಂತ ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ಜಯನಗರ, ಬನಶಂಕರಿಗಳ ತಂಪಾದ ಸಂಜೆಗೆ ಕಾರಣವಾದ ಈ ಎತ್ತರವೇ ಎಂಜಿನಿನ ಉಸಿರನ್ನೂ ಕುಗ್ಗಿಸುತ್ತದೆ. ಸಮುದ್ರತೀರದಲ್ಲಿ ವಾಯುವಿನ ಒತ್ತಡ ಸುಮಾರು ೧೦೧ ಕಿಲೋಪಾಸ್ಕಲ್ ಇದ್ದರೆ ಇಲ್ಲಿ ೯೧ರ ಆಸುಪಾಸು. ಮಂಗಳೂರಿನಲ್ಲಿ ನೂರು ಪಾಲು ಗಾಳಿಯನ್ನು ಸೇದುವ ಎಂಜಿನು ಬೆಂಗಳೂರಿನಲ್ಲಿ ತೊಂಬತ್ತು ಪಾಲಿಗೆ ತೃಪ್ತಿಪಡಬೇಕು. ಗಾಳಿ ಕಡಿಮೆಯಾದರೆ ಸುಡಬಹುದಾದ ಪೆಟ್ರೋಲೂ ಕಡಿಮೆ, ಶಕ್ತಿಯೂ ಕಡಿಮೆ. ಈ ಕೊರತೆಯನ್ನು ತುಂಬಿ, ಇನ್ನೂ ಸ್ವಲ್ಪ ಹೆಚ್ಚನ್ನು ಪಡೆಯಬೇಕೆಂಬ ಆಸೆ ಯಂತ್ರಪ್ರಿಯರಾದ ತರುಣರಲ್ಲಿ ಹುಟ್ಟುವುದು ಸಹಜವೇ ಆಗಿದೆ.

ಸೂಪರ್‌ಚಾರ್ಜರು ಹೊಸದಾದ ಕಲ್ಪನೆಯಲ್ಲ. ಅಮೆರಿಕದ ಇಂಡಿಯಾನಾ ಸಂಸ್ಥಾನದ ರೂಟ್ಸ್ ಸಹೋದರರು ೧೮೬೦ರ ವೇಳೆಗೆ, ಒಂದಕ್ಕೊಂದು ಹೆಣೆದುಕೊಂಡು ತಿರುಗುವ ಎರಡು ರೆಕ್ಕೆಗಳ ಊದುಯಂತ್ರವನ್ನು ಪೇಟೆಂಟು ಮಾಡಿಸಿದರು. ಅದೇ ಮಾದರಿಯ ಯಂತ್ರಗಳು ಇಂದಿಗೂ ಮೋಟಾರುಗಳಲ್ಲಿ ಬಳಕೆಯಲ್ಲಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ದುರಸ್ತಿಗಾಗಿ ಬರುತ್ತಿದ್ದ ಡಕೋಟಾ ವಿಮಾನಗಳ ಎಂಜಿನುಗಳಲ್ಲಿಯೂ ಸೂಪರ್‌ಚಾರ್ಜರುಗಳಿದ್ದವು. ವಿಮಾನಕ್ಕೆ ಅದು ಎತ್ತರದ ತೆಳುಗಾಳಿಯನ್ನು ದಟ್ಟಮಾಡುವ ಸಾಧನ. ಮೋಟಾರಿಗೆ ಅದು ಸಣ್ಣ ಎಂಜಿನಿನಿಂದ ದೊಡ್ಡ ಕೆಲಸವನ್ನು ತೆಗೆಯುವ ಸಾಧನ. ಎಂಜಿನಿನ ತಿರುಗುದಂಡದಿಂದ ಪಟ್ಟಿಯೊಂದು ಹೊರಟು ಸೂಪರ್‌ಚಾರ್ಜರಿನ ಗಾಲಿಯನ್ನು ತಿರುಗಿಸುತ್ತದೆ. ಆ ಯಂತ್ರವು ಗಾಳಿಯನ್ನು ಒತ್ತಿ ಉರುಳೆಗಳೊಳಕ್ಕೆ ತುಂಬುತ್ತದೆ.

ಇನ್ನು ಇಂಧನದ ಕಡೆ ನೋಡೋಣ. ಶುದ್ಧವಾದ ಪೆಟ್ರೋಲಿನ ಒಂದು ಗ್ರಾಮು ಪೂರ್ಣವಾಗಿ ಉರಿಯುವುದಕ್ಕೆ ಸುಮಾರು ೧೪.೭ ಗ್ರಾಮು ಗಾಳಿ ಬೇಕು. ಈ ಪ್ರಮಾಣವನ್ನು ಕಾಯುವುದೇ ಇಂಧನವ್ಯವಸ್ಥೆಯ ಧರ್ಮ. ಹಿಂದೆ ಕಾರ್ಬ್ಯುರೇಟರು ಈ ಕೆಲಸವನ್ನು ಮಾಡುತ್ತಿತ್ತು. ೧೯೬೭ರಲ್ಲಿ ಜರ್ಮನಿಯ ಬಾಷ್ ಕಂಪನಿಯು ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಡಿ ಎಂಬುದು ಜರ್ಮನ್ ಭಾಷೆಯಲ್ಲಿ ಒತ್ತಡ ಎಂಬರ್ಥದ ಪದದ ಮೊದಲಕ್ಷರ. ಗಾಳಿಕೊಳವೆಯ ಒತ್ತಡವನ್ನು ಅಳೆದು, ಅದಕ್ಕೆ ತಕ್ಕಷ್ಟು ಹೊತ್ತು ಇಂಜೆಕ್ಟರಿನ ಬಾಯನ್ನು ತೆರೆದು ಪೆಟ್ರೋಲನ್ನು ಚಿಮುಕಿಸುವುದು ಅದರ ಕ್ರಮ. ಅದೇ ಕಂಪನಿಯ ಸಂಬಂಧದಿಂದ ೧೯೫೧ರಲ್ಲಿ ಹುಟ್ಟಿದ ಮೈಕೋ ಕಾರ್ಖಾನೆ ಜಯನಗರಕ್ಕೆ ಸಮೀಪದ ಆಡುಗೋಡಿಯಲ್ಲಿ ನೆಲಸಿ, ಡೀಸೆಲ್ ಎಂಜಿನುಗಳ ಇಂಧನಪಂಪುಗಳನ್ನೂ ಕಿಡಿಬೆಣೆಗಳನ್ನೂ ತಯಾರಿಸಿತು. ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯಲ್ಲಿ ಇಂಧನವನ್ನು ಹಂಚುವ ವಿದ್ಯೆ ದಕ್ಷಿಣ ಬೆಂಗಳೂರಿನ ಅನೇಕ ಮನೆತನಗಳಿಗೆ ಅನ್ನವಿತ್ತ ವಿದ್ಯೆಯೆಂದರೆ ಉತ್ಪ್ರೇಕ್ಷೆಯಾಗದು.

ಈಗಿನ ಗಾಡಿಗಳಲ್ಲಿ ಒಂದು ಗಣಕಪೆಟ್ಟಿಗೆ ಈ ಲೆಕ್ಕವನ್ನೆಲ್ಲ ನಡೆಸುತ್ತದೆ. ಆದರೆ ಸಾಮಾನ್ಯವಾದ ಗಾಡಿಯ ಪೆಟ್ಟಿಗೆಗೆ ಸೂಪರ್‌ಚಾರ್ಜರಿನ ಪರಿಚಯವಿರುವುದಿಲ್ಲ. ವಾಯುಮಂಡಲದ ಒತ್ತಡವೇ ಗಾಳಿಯ ಪರಮಾವಧಿಯೆಂದು ಅದು ನಂಬಿದೆ. ಅದರ ಒತ್ತಡಮಾಪಕವೂ ಸಾಮಾನ್ಯವಾಗಿ ಆ ಮಿತಿಯನ್ನು ದಾಟಿ ಸ್ವಲ್ಪ ದೂರದವರೆಗೆ ಮಾತ್ರ ಓದಬಲ್ಲದು. ಸೂಪರ್‌ಚಾರ್ಜರು ಅದಕ್ಕೂ ಮೀರಿ ಗಾಳಿಯನ್ನು ತುಂಬಿದಾಗ ಮಾಪಕವು ಕೊನೆಯ ಗೆರೆಯಲ್ಲಿಯೇ ನಿಂತುಬಿಡುತ್ತದೆ. ಗಣಕವು ಹಳೆಯ ಲೆಕ್ಕದ ಪೆಟ್ರೋಲನ್ನೇ ಕೊಡುತ್ತದೆ. ಗಾಳಿ ಹೆಚ್ಚು, ಇಂಧನ ಅಷ್ಟೇ. ಇದೇ ಅನರ್ಥದ ಮೂಲ.

ಆ ಅನರ್ಥದ ಸ್ವರೂಪವನ್ನು ತಿಳಿದುಕೊಳ್ಳುವುದು ಅವಶ್ಯಕ. ಪೂರ್ಣಶಕ್ತಿಯಿಂದ ದುಡಿಯುವ ಎಂಜಿನಿಗೆ ೧೪.೭ರ ಪ್ರಮಾಣಕ್ಕಿಂತ ಹೆಚ್ಚಾಗಿಯೇ ಪೆಟ್ರೋಲನ್ನು ಕೊಡುವುದು ವಾಡಿಕೆ. ಒತ್ತಿದ ಗಾಳಿಯಿಂದ ನಡೆಯುವ ಎಂಜಿನಿನಲ್ಲಿ ಹನ್ನೊಂದೂವರೆ, ಹನ್ನೆರಡು ಗ್ರಾಮು ಗಾಳಿಗೆ ಒಂದು ಗ್ರಾಮಿನಂತೆ ಕೊಡುತ್ತಾರೆ. ಈ ಹೆಚ್ಚಿನ ಪೆಟ್ರೋಲು ಆವಿಯಾಗುವಾಗ ಶಾಖವನ್ನು ಹೀರಿ ಉರುಳೆಯ ಒಳಭಾಗವನ್ನು ತಂಪಾಗಿಡುತ್ತದೆ. ಅದು ಕಡಿಮೆಯಾದರೆ ಉರಿಯ ತಾಪ ಏರಿ, ಕಿಡಿಯಿಂದ ಹೊರಟ ಜ್ವಾಲೆ ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಲೋಹವನ್ನು ಸುತ್ತಿಗೆಯಿಂದ ಬಡಿದಂತೆ ಕೇಳಿಸುವ ಆ ಶಬ್ದವನ್ನು ನಾಕಿಂಗ್ ಎನ್ನುತ್ತಾರೆ. ಬಡಿತ ಮುಂದುವರಿದರೆ ಪಿಸ್ಟನ್ನಿನ ಉಂಗುರಗಳ ನಡುವಣ ಅಂಚು ಮುರಿಯುತ್ತದೆ. ತಾಪ ಮಿತಿಮೀರಿದರೆ ಅದರ ನೆತ್ತಿಯೇ ಕರಗಿ ತೂತಾಗುತ್ತದೆ. ಇದಕ್ಕೆ ಗಂಟೆಗಳು ಬೇಕಿಲ್ಲ. ಏರುದಾರಿಯ ಕೆಲವು ಕ್ಷಣಗಳು ಸಾಕು. ಬನಶಂಕರಿಯಿಂದ ಸಿಲ್ಕ್ ಬೋರ್ಡ್ ಕಡೆಗೆ ಗಾಡಿಗಳ ಸಂದಣಿಯಲ್ಲಿ ತೆವಳುತ್ತ ಬಂದ ಎಂಜಿನು ಮೊದಲೇ ಕಾದಿರುತ್ತದೆ. ಮೇಲುಸೇತುವೆಯ ಏರು ಕಂಡೊಡನೆ ಚಾಲಕನು ವೇಗದ ಮೆಟ್ಟನ್ನು ಪೂರ್ತಿ ಒತ್ತಿದನೆಂದರೆ, ಅಪಾಯದ ಸಕಲ ಸಾಮಗ್ರಿಯೂ ಅಲ್ಲಿ ಒಟ್ಟುಗೂಡಿದಂತಾಯಿತು.

ಹಾಗಾದರೆ ಎಷ್ಟು ಇಂಧನ ಕಡಿಮೆ ಬೀಳುತ್ತದೆ? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಗಾಳಿಯಲ್ಲಿ ೮೦ ಅಶ್ವಶಕ್ತಿಯನ್ನು ಕೊಡುವ ನಾಲ್ಕು ಉರುಳೆಗಳ ಎಂಜಿನಿಗೆ ೦.೪ ಬಾರ್ ಒತ್ತಡವನ್ನು ಸೇರಿಸಿದೆವೆನ್ನಿ. ೦.೯೧ ಬಾರ್ ಇದ್ದುದು ೧.೩೧ ಆಯಿತು, ಅಂದರೆ ೧.೪೪ ಪಟ್ಟು. ಶಕ್ತಿಯೂ ಅಷ್ಟೇ ಪಟ್ಟು ಏರಿತೆಂದು ಹಿಗ್ಗುವಂತಿಲ್ಲ. ಏಕೆಂದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಸಾಧಾರಣವಾದ ರೂಟ್ಸ್ ಯಂತ್ರದಲ್ಲಿ ಇಷ್ಟು ಒತ್ತಡಕ್ಕೆ ಗಾಳಿಯ ತಾಪ ಸುಮಾರು ೬೦ ಡಿಗ್ರಿ ಏರಬಹುದು. ಆ ಹಿಗ್ಗುವಿಕೆಯನ್ನು ಕಳೆದರೆ ನಿಜವಾಗಿ ಒಳಹೋಗುವ ಗಾಳಿ ೧.೨ ಪಟ್ಟು ಮಾತ್ರ. ಆದುದರಿಂದ ಎಂಜಿನಿನೊಳಗೆ ಹುಟ್ಟುವ ಶಕ್ತಿ ೯೬ ಅಶ್ವಶಕ್ತಿ. ಅದರಲ್ಲಿ ಒಂದು ಪಾಲನ್ನು ಸೂಪರ್‌ಚಾರ್ಜರು ತಾನು ತಿರುಗುವುದಕ್ಕಾಗಿಯೇ ನುಂಗುತ್ತದೆ.

ಒಂದು ಅಶ್ವಶಕ್ತಿಗೆ ಗಂಟೆಗೆ ೨೭೦ ಗ್ರಾಮಿನಂತೆ ಲೆಕ್ಕಹಾಕಿದರೆ, ೯೬ಕ್ಕೆ ನಿಮಿಷವೊಂದಕ್ಕೆ ೪೩೨ ಗ್ರಾಮು, ಎಂದರೆ ಸುಮಾರು ೫೮೫ ಘನ ಸೆಂಟಿಮೀಟರು ಪೆಟ್ರೋಲು ಬೇಕು. ಈಗ ನಮ್ಮ ಬಂಕುಗಳಲ್ಲಿ ದೊರಕುವ ಪೆಟ್ರೋಲಿನಲ್ಲಿ ನೂರಕ್ಕೆ ೨೦ ಪಾಲು ಎಥನಾಲ್ ಬೆರೆತಿರುತ್ತದೆ. ಎಥನಾಲ್ ನಾಕಿಂಗನ್ನು ತಡೆಯುವ ಗುಣವುಳ್ಳದ್ದು, ನಿಜ. ಆದರೆ ಅದರ ಒಂದು ಗ್ರಾಮು ಕೇವಲ ೯ ಗ್ರಾಮು ಗಾಳಿಯೊಡನೆ ಉರಿಯುತ್ತದೆ. ಅಷ್ಟೇ ಗಾಳಿಗೆ ಈ ಮಿಶ್ರಣ ನೂರಕ್ಕೆ ಸುಮಾರು ಎಂಟು ಪಾಲು ಹೆಚ್ಚಾಗಿ ಬೇಕು. ಆಗ ಲೆಕ್ಕ ೬೩೦ಕ್ಕೆ ಏರುತ್ತದೆ. ಗಾಡಿಯ ಮೂಲ ಇಂಜೆಕ್ಟರುಗಳು ನಿಮಿಷಕ್ಕೆ ೧೫೦ರಂತೆ ನಾಲ್ಕು ಸೇರಿ ೬೦೦ ಕೊಡುವಂಥವೆಂದು ಭಾವಿಸೋಣ. ಆದರೆ ಅವನ್ನು ನೂರಕ್ಕೆ ೮೫ ಪಾಲು ಸಮಯಕ್ಕಿಂತ ಹೆಚ್ಚು ತೆರೆದಿಡುವುದು ವಿವೇಕವಲ್ಲ. ಹೀಗೆ ದೊರೆಯುವುದು ೫೧೦ ಮಾತ್ರ. ಕೊರತೆ ನಿಮಿಷಕ್ಕೆ ಸುಮಾರು ೧೨೦ ಘನ ಸೆಂಟಿಮೀಟರು. ಈ ಒಂದು ಸಂಖ್ಯೆಯನ್ನು ತನ್ನ ಗಾಡಿಗೆ ಅನ್ವಯಿಸುವಂತೆ ಕಂಡುಕೊಳ್ಳದೆ ಯಾರೂ ಸಾಮಾನನ್ನು ಕೊಳ್ಳಲು ಹೊರಡತಕ್ಕದ್ದಲ್ಲ.

ಕೊರತೆಯನ್ನು ತುಂಬುವ ಮಾರ್ಗಗಳು ಮೂರು. ಮೊದಲನೆಯದು, ಪೆಟ್ರೋಲಿನ ಒತ್ತಡವನ್ನು ಹೆಚ್ಚಿಸುವುದು. ಇದು ಅಗ್ಗವಾದುದು, ಆದರೆ ಒತ್ತಡ ಹೆಚ್ಚಿದಷ್ಟು ಪ್ರವಾಹ ಹೆಚ್ಚುವುದಿಲ್ಲ, ಒತ್ತಡದ ವರ್ಗಮೂಲದಷ್ಟು ಮಾತ್ರ ಹೆಚ್ಚುತ್ತದೆ. ಮೂರು ಬಾರ್ ಇದ್ದುದನ್ನು ನಾಲ್ಕೂವರೆಗೆ ಏರಿಸಿದರೆ ದೊರೆಯುವ ಲಾಭ ನೂರಕ್ಕೆ ೨೨. ಅಷ್ಟರಲ್ಲಿ ಹಳೆಯ ಪಂಪು ಬಸವಳಿದು, ಒತ್ತಡ ಏರಿದಂತೆಲ್ಲ ಕಡಿಮೆ ಪೆಟ್ರೋಲನ್ನು ಸಾಗಿಸತೊಡಗುತ್ತದೆ. ಎರಡನೆಯದು, ದೊಡ್ಡ ಇಂಜೆಕ್ಟರುಗಳನ್ನು ಹಾಕಿ ಗಣಕಪೆಟ್ಟಿಗೆಯನ್ನೇ ಬದಲಿಸುವುದು ಅಥವಾ ಅದಕ್ಕೆ ಹೊಸ ಲೆಕ್ಕವನ್ನು ಕಲಿಸುವುದು. ಇದು ಉತ್ತಮವಾದ ಮಾರ್ಗ. ವೆಚ್ಚವೂ ಅದಕ್ಕೆ ತಕ್ಕಂತೆ ಉತ್ತಮವೇ. ಮೂರನೆಯದೇ ನಮ್ಮ ವಿಷಯವಾದ ಪೂರಕ ಇಂಜೆಕ್ಟರು. ಮೂಲವ್ಯವಸ್ಥೆಯನ್ನು ಮುಟ್ಟದೆ ಗಾಳಿಕೊಳವೆಗೆ ಐದನೆಯ ಇಂಜೆಕ್ಟರೊಂದನ್ನು ಕೂಡಿಸಿ, ಗಾಳಿಯ ಒತ್ತಡ ವಾಯುಮಂಡಲವನ್ನು ಮೀರಿದಾಗ ಮಾತ್ರ ಅದು ಕೆಲಸಮಾಡುವಂತೆ ಏರ್ಪಡಿಸುವುದು. ಇದಕ್ಕೆ ಪೂರ್ವನಿದರ್ಶನವೂ ಉಂಟು: ಹಳೆಯ ಜೆಟ್ರಾನಿಕ್ ವ್ಯವಸ್ಥೆಗಳಲ್ಲಿ ಚಳಿಗಾಲದ ಬೆಳಗಿನಲ್ಲಿ ಎಂಜಿನನ್ನು ಎಬ್ಬಿಸುವುದಕ್ಕೆಂದೇ ಒಂದು ಹೆಚ್ಚಿನ ಇಂಜೆಕ್ಟರು ಗಾಳಿಕೊಳವೆಯಲ್ಲಿರುತ್ತಿತ್ತು.

ನಮ್ಮ ಉದಾಹರಣೆಗೆ ನಿಮಿಷಕ್ಕೆ ೧೮೦ ಘನ ಸೆಂಟಿಮೀಟರಿನ ಒಂದು ಇಂಜೆಕ್ಟರು ಸಾಕು. ನೂರಕ್ಕೆ ೭೦ ಪಾಲು ತೆರೆದಿದ್ದರೆ ಅದು ೧೨೬ನ್ನು ಕೊಡುತ್ತದೆ. ಅದನ್ನು ನಡೆಸಲು ಒತ್ತಡಮಾಪಕವೊಂದೂ ಸಣ್ಣ ನಿಯಂತ್ರಕಪೆಟ್ಟಿಗೆಯೊಂದೂ ಬೇಕು. ಒತ್ತಡವನ್ನಷ್ಟೇ ನೋಡಿ ಇಂಧನ ಹಾಕುವ ನಿಯಂತ್ರಕ ಸಾಲದು. ಎಂಜಿನಿನ ವೇಗವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಕೆಂದರೆ ಒಂದೇ ಒತ್ತಡದಲ್ಲಿ ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವ ಎಂಜಿನು ಮೂರು ಸಾವಿರ ಸುತ್ತಿನದಕ್ಕಿಂತ ಸುಮಾರು ಇಮ್ಮಡಿ ಗಾಳಿಯನ್ನು ಸೇದುತ್ತದೆ.

ಈ ಮಾರ್ಗದ ದೋಷವನ್ನೂ ಮರೆಮಾಚದೆ ಹೇಳಬೇಕು. ನಾಲ್ಕು ಉರುಳೆಗಳಿಗೆ ನಾಲ್ಕು ಇಂಜೆಕ್ಟರುಗಳಿದ್ದಾಗ ಪ್ರತಿಯೊಂದಕ್ಕೂ ಸಮಪಾಲು ದೊರಕುತ್ತದೆ. ಕವಲೊಡೆಯುವ ಕೊಳವೆಯ ಬಾಯಲ್ಲಿ ಒಂದೇ ಇಂಜೆಕ್ಟರನ್ನಿಟ್ಟರೆ, ಗಾಳಿ ಸುಲಭವಾಗಿ ತಿರುಗುವ ಕಡೆಗೆ ಭಾರವಾದ ಪೆಟ್ರೋಲಿನ ಹನಿಗಳು ತಿರುಗದೆ ನೇರವಾಗಿ ಹೋಗಿಬಿಡುತ್ತವೆ. ಒಂದು ಮಗುವಿಗೆ ಎರಡು ತುತ್ತು, ಇನ್ನೊಂದಕ್ಕೆ ಉಪವಾಸ. ಹೊಗೆಕೊಳವೆಯಲ್ಲಿರುವ ಮಾಪಕವಾದರೋ ನಾಲ್ಕರ ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಸರಾಸರಿ ಸರಿಯಾಗಿದ್ದರೂ ಒಂದು ಉರುಳೆ ಸೊರಗುತ್ತಿರಬಹುದು. ಆದುದರಿಂದ ಇಂಜೆಕ್ಟರನ್ನು ಕವಲಿನಿಂದ ಸಾಧ್ಯವಾದಷ್ಟು ದೂರದಲ್ಲಿ, ಹನಿ ಆವಿಯಾಗಿ ಗಾಳಿಯಲ್ಲಿ ಬೆರೆಯಲು ಅವಕಾಶವಿರುವ ಕಡೆ ಇರಿಸತಕ್ಕದ್ದು. ಗಾಳಿಯನ್ನು ತಂಪುಮಾಡುವ ಶೀತಕವಿದ್ದರೆ ಅದರ ಹಿಂದೆ ಎಂದಿಗೂ ಇಡಕೂಡದು. ಪೆಟ್ರೋಲು ಅಲ್ಲಿ ಮಡುಗಟ್ಟಿ, ಒಂದು ಹಿಮ್ಮುಖ ಜ್ವಾಲೆಗೆ ಬಾಂಬಿನಂತೆ ಸಿಡಿದೀತು. ಪ್ರಯೋಗದ ನಂತರ ನಾಲ್ಕು ಕಿಡಿಬೆಣೆಗಳನ್ನೂ ಬಿಚ್ಚಿ ಬಣ್ಣವನ್ನು ಹೋಲಿಸಿ ನೋಡುವುದು ಖರ್ಚಿಲ್ಲದ, ಆದರೆ ಬೆಲೆಯುಳ್ಳ ಪರೀಕ್ಷೆ.

ಇಲ್ಲಿ ಇತಿಹಾಸದ ಒಂದು ಪ್ರಸಂಗ ನೆನಪಿಗೆ ಬರುತ್ತದೆ. ೧೯೪೦ರಲ್ಲಿ ಇಂಗ್ಲೆಂಡಿನ ಮೇಲೆ ನಡೆದ ವಾಯುಯುದ್ಧದಲ್ಲಿ ಉಭಯಪಕ್ಷದ ಮುಖ್ಯ ಎಂಜಿನುಗಳೂ ಸೂಪರ್‌ಚಾರ್ಜರುಳ್ಳವೇ. ಆದರೆ ಜರ್ಮನರ ಡೈಮ್ಲರ್-ಬೆಂಜ್ ಎಂಜಿನಿಗೆ ಇಂಧನದ ಇಂಜೆಕ್ಷನ್ ಇತ್ತು. ಆಂಗ್ಲರ ಮರ್ಲಿನ್ ಎಂಜಿನಿಗೆ ಕಾರ್ಬ್ಯುರೇಟರು. ಸ್ಪಿಟ್‌ಫೈರ್ ವಿಮಾನ ತಟ್ಟನೆ ಮೂತಿಯನ್ನು ಕೆಳಗೆ ಮಾಡಿದೊಡನೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಉಕ್ಕಿ ಎಂಜಿನು ಉಸಿರುಕಟ್ಟುತ್ತಿತ್ತು, ಶತ್ರು ತಪ್ಪಿಸಿಕೊಳ್ಳುತ್ತಿದ್ದ. ಹೊಸ ವ್ಯವಸ್ಥೆಯನ್ನು ನಿರ್ಮಿಸಲು ಕಾಲವಿಲ್ಲ. ಫಾರ್ನ್‌ಬರೋ ಸಂಶೋಧನಾಲಯದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು ಇಂಧನದ ದಾರಿಯಲ್ಲಿ ಒಂದು ರಂಧ್ರವುಳ್ಳ ಚಿಕ್ಕ ಹಿತ್ತಾಳೆಯ ತುಣುಕನ್ನು ಕೂಡಿಸುವ ಉಪಾಯವನ್ನು ಕಂಡುಹಿಡಿದರು. ಪೂರ್ಣಶಕ್ತಿಗೆ ಬೇಕಾದಷ್ಟು ಪೆಟ್ರೋಲು ಆ ರಂಧ್ರದಲ್ಲಿ ಹಾಯುತ್ತಿತ್ತು. ಅದಕ್ಕಿಂತ ಹೆಚ್ಚು ಹಾಯುತ್ತಿರಲಿಲ್ಲ. ಸೂಪರ್‌ಚಾರ್ಜರಿನ ಒತ್ತಡಕ್ಕೆ ತಕ್ಕಂತೆ ಬೇರೆ ಬೇರೆ ಅಳತೆಯ ರಂಧ್ರಗಳಿದ್ದವು. ೧೯೪೧ರ ವಸಂತದಲ್ಲಿ ಅವರು ಸಣ್ಣದೊಂದು ತಂಡದೊಡನೆ ವಿಮಾನದಳದ ನೆಲೆಗಳನ್ನು ಸುತ್ತಿ ಅದನ್ನು ಜೋಡಿಸಿದರು.

ಅಲ್ಲಿದ್ದುದು ಇಂಧನದ ಅತಿವೃಷ್ಟಿ, ನಮ್ಮಲ್ಲಿರುವುದು ಅನಾವೃಷ್ಟಿ. ಪಾಠ ಮಾತ್ರ ಒಂದೇ. ಆ ಹಿತ್ತಾಳೆಯ ಚೂರು ಅಗ್ಗದ್ದು. ಅದರ ರಂಧ್ರದ ಅಳತೆ ಅಗ್ಗದ್ದಲ್ಲ. ಅದರ ಹಿಂದೆ ಎಂಜಿನು ಎಷ್ಟು ಪೆಟ್ರೋಲನ್ನು ಕುಡಿಯುತ್ತದೆಂಬ ನಿಖರವಾದ ಜ್ಞಾನವಿತ್ತು. ವಸ್ತುವಿನಲ್ಲಿ ಉಳಿತಾಯ ಮಾಡಬಹುದು, ಅಳತೆಯಲ್ಲಿ ಮಾಡಲಾಗದು.

ಈ ಸೂತ್ರವನ್ನು ಹಿಡಿದು ನಮ್ಮ ಖರ್ಚನ್ನು ವಿಂಗಡಿಸೋಣ. ಇಂಜೆಕ್ಟರು ಹಳೆಯದಾದರೂ ಅಡ್ಡಿಯಿಲ್ಲ. ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ತಂದುದನ್ನು, ಇಂಜೆಕ್ಟರು ಶುದ್ಧಿಮಾಡುವ ಕಾರ್ಯಾಗಾರದಲ್ಲಿ ತೊಳೆಯಿಸಿ, ಗೆರೆಹಾಕಿದ ಗಾಜಿನ ನಳಿಗೆಯಲ್ಲಿ ಅದರ ಪ್ರವಾಹವನ್ನು ಅಳೆಯಿಸಿದರೆ ಹೊಸದಕ್ಕೆ ಸಮ. ಅದರ ವಿದ್ಯುತ್ ಪ್ರತಿರೋಧ ನಿಯಂತ್ರಕಕ್ಕೆ ಒಪ್ಪುವುದೇ ಎಂದು ನೋಡಿಕೊಳ್ಳಬೇಕು. ಇಂಜೆಕ್ಟರು ಕುಳಿತುಕೊಳ್ಳುವ ಅಲ್ಯೂಮಿನಿಯಂ ಗೂಡನ್ನು ಲೇತಿನ ಕೆಲಸಗಾರನಿಂದ ಮಾಡಿಸಬಹುದು. ಆದರೆ ಮೂರು ಕಡೆ ಕೈ ಬಿಗಿಹಿಡಿಯಬಾರದು. ಒಂದು, ಹೊಗೆಯಲ್ಲಿನ ಆಮ್ಲಜನಕವನ್ನು ವಿಶಾಲವ್ಯಾಪ್ತಿಯಲ್ಲಿ ಓದುವ ವೈಡ್‌ಬ್ಯಾಂಡ್ ಮಾಪಕ. ಗಾಡಿಯೊಡನೆ ಬಂದ ಸಾಮಾನ್ಯ ಮಾಪಕ ಹೆಚ್ಚೋ ಕಡಿಮೆಯೋ ಎಂದು ಹೇಳುತ್ತದೆ. ಎಷ್ಟು ಎಂದು ಹೇಳಲಾರದು. ಎರಡು, ಪೆಟ್ರೋಲಿನ ಪಂಪು. ಕೆರೆಯಲ್ಲಿ ನೀರಿಲ್ಲದೆ ತೂಬನ್ನು ಅಗಲಮಾಡಿ ಫಲವೇನು? ಮೂರು, ಎಥನಾಲನ್ನು ತಾಳಬಲ್ಲ, ಒತ್ತಡಕ್ಕೆ ತಕ್ಕ ಕೊಳವೆ ಮತ್ತು ಹಿಡಿಕೆಗಳು. ಕಾದ ಎಂಜಿನಿನ ಮೇಲೆ ಒಡೆದ ಕೊಳವೆಯಿಂದ ಪೆಟ್ರೋಲು ಬಿದ್ದರೆ ಹೋಗುವುದು ಎಂಜಿನೊಂದೇ ಅಲ್ಲ. ಗಾಡಿಯಲ್ಲಿ ಮಕ್ಕಳೂ ಕುಳಿತಿರುತ್ತಾರೆ.

ಕೆಟ್ಟರೂ ಕ್ಷೇಮದ ಕಡೆಗೆ ಕೆಡುವಂತೆ ಯಂತ್ರವನ್ನು ಏರ್ಪಡಿಸುವುದು ಎಂಜಿನಿಯರಿಂಗಿನ ಧರ್ಮ. ಪೂರಕ ಇಂಜೆಕ್ಟರಿನ ತಂತಿ ಕಡಿದರೆ ಅಥವಾ ಫ್ಯೂಸು ಹಾರಿದರೆ ಏನಾಗುತ್ತದೆ? ಸೂಪರ್‌ಚಾರ್ಜರು ಪಟ್ಟಿಯಿಂದ ತಿರುಗುವುದರಿಂದ ಗಾಳಿ ಬರುತ್ತಲೇ ಇರುತ್ತದೆ. ಇಂಧನ ಮಾತ್ರ ನಿಲ್ಲುತ್ತದೆ. ಆದುದರಿಂದ ಒತ್ತಡವನ್ನು ಹೊರಬಿಡುವ ಬೈಪಾಸ್ ಕವಾಟವನ್ನು, ವಿದ್ಯುತ್ತು ಇದ್ದಾಗ ಮಾತ್ರ ಮುಚ್ಚಿಕೊಳ್ಳುವಂತೆ, ಅದೇ ಫ್ಯೂಸಿಗೆ ಸೇರಿಸತಕ್ಕದ್ದು. ಫ್ಯೂಸು ಹೋದರೆ ಗಾಳಿಯ ಒತ್ತಡವೂ ಹೋಗುತ್ತದೆ. ಗಾಡಿ ಮೊದಲಿನ ಸಾಧುವಾದ ಗಾಡಿಯಾಗಿ ಮನೆ ಸೇರುತ್ತದೆ. ಪೆಟ್ರೋಲಿನ ಒತ್ತಡ ಕುಸಿದಾಗಲೂ, ಮಿಶ್ರಣ ತೆಳುವಾದಾಗಲೂ ಹೀಗೆಯೇ ಕವಾಟ ತೆರೆಯುವಂತೆ ಮಾಡಿದರೆ ಮತ್ತೂ ಒಳ್ಳೆಯದು.

ಹೊಂದಿಸುವ ಕೆಲಸವನ್ನು ಕನಕಪುರ ರಸ್ತೆಯಲ್ಲಾಗಲಿ, ಬೇರಾವ ಸಾರ್ವಜನಿಕ ರಸ್ತೆಯಲ್ಲಾಗಲಿ ನಡೆಸತಕ್ಕದ್ದಲ್ಲ. ಗಾಡಿಯನ್ನು ಉರುಳುಗಳ ಮೇಲೆ ನಿಲ್ಲಿಸಿ ಶಕ್ತಿಯನ್ನು ಅಳೆಯುವ ಡೈನಮೋಮೀಟರ್ ಯಂತ್ರವಿರುವ ಕಾರ್ಯಾಗಾರದಲ್ಲಿ, ಮೊದಲು ಅತಿ ಕಡಿಮೆ ಒತ್ತಡದಲ್ಲಿ, ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲಿನಿಂದ ಆರಂಭಿಸಿ, ಮೆಲ್ಲಮೆಲ್ಲನೆ ತಕ್ಕ ಪ್ರಮಾಣಕ್ಕೆ ಇಳಿಯಬೇಕು. ಕಾನೂನಿನ ಮಾತೂ ಒಂದುಂಟು. ೧೯೮೮ರ ಮೋಟಾರು ವಾಹನ ಅಧಿನಿಯಮದ ೫೨ನೆಯ ಪ್ರಕರಣವು, ತಯಾರಕರು ನಿರೂಪಿಸಿದ ಮೂಲವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ನಿರ್ಬಂಧಿಸುತ್ತದೆ. ಸಾರಿಗೆ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಮೊದಲೇ ವಿಚಾರಿಸುವುದು ಲೇಸು. ಪಂದ್ಯದ ಗಾಡಿಯಾದರೆ ಅದರ ಸ್ಥಾನ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿರುವಂಥ ಮುಚ್ಚಿದ ಪಥ.

ಇಷ್ಟೆಲ್ಲ ಲೆಕ್ಕಹಾಕಿದ ಮೇಲೂ ಕೊರತೆ ತುಂಬದಿದ್ದರೆ ಮಾಡುವುದೇನು? ಎಲ್ಲಕ್ಕಿಂತ ಅಗ್ಗವಾದ ಒಂದು ಉಪಾಯ ಆಗಲೂ ಉಳಿದಿರುತ್ತದೆ: ಸೂಪರ್‌ಚಾರ್ಜರಿನ ಗಾಲಿಯನ್ನು ತೆಗೆದು ಸ್ವಲ್ಪ ದೊಡ್ಡ ಗಾಲಿಯನ್ನು ಹಾಕುವುದು. ಆಗ ಯಂತ್ರ ನಿಧಾನವಾಗಿ ತಿರುಗಿ ಗಾಳಿಯ ಒತ್ತಡ ಇಳಿಯುತ್ತದೆ. ಇರುವ ಪೆಟ್ರೋಲಿಗೆ ಗಾಳಿಯೇ ಹೊಂದಿಕೊಳ್ಳುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆ ಗೃಹಸ್ಥನಿಗೆ ಹೇಳಿದ್ದಾದರೂ ಎಂಜಿನಿಗೂ ಸಲ್ಲುತ್ತದೆ. ಹತ್ತು ಅಶ್ವಶಕ್ತಿ ಕಡಿಮೆಯಾಗಿ ಹತ್ತು ವರ್ಷ ನಡೆಯುವ ಎಂಜಿನು, ಒಂದು ಏರಿನಲ್ಲಿ ಮೆರೆದು ಮರುದಿನ ಗುಜರಿಗೆ ಸೇರುವ ಎಂಜಿನಿಗಿಂತ ಎಷ್ಟೋ ಮೇಲು.